ಪುಟ ೧೧೨

ಡಬ್ಬಿ ನಂಬರು ನಲವತ್ತೊಂದು. ಮೇಲೆ ಮರಾಠಿಯಲ್ಲಿ 'ಇತರ ಭಾಷಾ'.
ತೆರೆದರೆ ಡಾಂಬರುಗುಳಿಗೆಯ ವಾಸನೆ,
ತುಕ್ಕು ತಿಂದ ಟಾಚಣಿ, ಒಣಗಿದ ಒಂದು ಹಲ್ಲಿ,
ಅದರಡಿಗೆ ಈ ಪ್ರಬಂಧ.

'ಅಭಾವ: ಒಂದು ತಾತ್ವಿಕ ವಿಚಾರ.'
ಕು. ಇಂದುಮತಿ ಸಿದ್ರಾಮಪ್ಪ ಕೊನಾಪುರೆ, ಸೊಲ್ಲಾಪುರ, ೧೯೭೮.
ಕನ್ನಡ ಟೈಪು. ಮೂಡದೆ ಉಳಿದ ಒತ್ತಕ್ಷರಗಳನ್ನು
ನೀಲಿ ಶಾಯಿಯಲ್ಲಿ, ಒಂದೊಂದಾಗಿ,
ಕೂಸಿಗೆ ಕಾಲ್ಗೆಜ್ಜೆ ತೊಡಿಸಿದಂತೆ ತೊಡಿಸಿದ್ದಾಳೆ.

ನನ್ನ ಕೆಲಸ ಓದುವುದಲ್ಲ.
ಹಾಳೆ ಮಗುಚುವುದು, ಗಾಜು ಒರೆಸುವುದು, ಗುಂಡಿ ಒತ್ತುವುದು.
ಹಾಳೆಗೆ ನಲವತ್ತು ಪೈಸೆ.
ಓದಿದರೆ ನಷ್ಟ.

ಆದರೆ ವಿದ್ಯಾಪೀಠದ ಈ ನೆಲಮಾಳಿಗೆಯಲ್ಲಿ
ಕನ್ನಡ ಬಲ್ಲವಳು ನಾನೊಬ್ಬಳೇ, ಅಕ್ಕಲಕೋಟೆ ಕಡೆಯವಳು.
'ವಿಷಯ ಏನು, ಚುಟುಕಾಗಿ ಬರಿ' ಅಂದರು ದೇಗಾಂವಕರ ಸರ್.
ಫಾರ್ಮಿನಲ್ಲಿ ಬೆರಳಗಲದ ಖಾನೆ.
ಬರೆದೆ: ಇಲ್ಲ.
'ವಿಷಯವೇ ಇಲ್ಲವೇ?'
'ಇದೆ ಸರ್. ಇಲ್ಲ ಅನ್ನುವುದೇ ವಿಷಯ.'
ಅವರು ಚಷ್ಮಾ ತೆಗೆದು ಕಣ್ಣೊರೆಸಿಕೊಂಡು
ಚಹಾಕ್ಕೆ ಹೋದರು.

ನೆಲದ ಮೇಲೆ ಗಡಿಗೆ ಇಲ್ಲ.
ಶಾಸ್ತ್ರದವರು ಎಷ್ಟೋ ಶತಮಾನ
ಈ ಇಲ್ಲದ ಗಡಿಗೆಯ ಸುತ್ತ ಕೂತು ಜಗಳಾಡಿದರಂತೆ:
ಕಣ್ಣಿಗೆ ಕಂಡದ್ದು ಬರಿಯ ನೆಲವೋ, ಗಡಿಗೆಯ ಇಲ್ಲದಿರುವಿಕೆಯೋ?
ಮೂರನೆಯ ಅಧ್ಯಾಯಕ್ಕೆ ಇಂದುಮತಿಗೆ ಬೇಸರ ಬಂದಿರಬೇಕು.
ಗಡಿಗೆ ಬಿಟ್ಟು ಅಪ್ಪನ ರಟ್ಟು ಎತ್ತಿಕೊಳ್ಳುತ್ತಾಳೆ.

ಸಿದ್ರಾಮಪ್ಪ ಜಕಾರ್ಡ್ ಮಗ್ಗಕ್ಕೆ ರಟ್ಟು ಕೊರೆಯುವವ.
ಚಾದರಿನ ಒಂದು ನವಿಲಿಗೆ ಸಾವಿರಗಟ್ಟಲೆ ತೂತು.
ತೂತು ಇದ್ದಲ್ಲಿ ಸೂಜಿ ಹೊಗುತ್ತದೆ, ಎಳೆ ಏಳುತ್ತದೆ.
ರಟ್ಟು ಇದ್ದಲ್ಲಿ ಸೂಜಿ ಹಿಂದೆ ಸರಿಯುತ್ತದೆ, ಎಳೆ ಮಲಗಿಯೇ ಇರುತ್ತದೆ.
'ಆದ್ದರಿಂದ' ಎನ್ನುತ್ತಾಳೆ, 'ನವಿಲು ಇರುವುದು ರಟ್ಟಿನಲ್ಲಲ್ಲ,
ರಟ್ಟು ಎಲ್ಲಿ ಇಲ್ಲವೋ ಅಲ್ಲಿ.'
ಕೊರೆದು ಬಿದ್ದ ಬಿಲ್ಲೆಗಳನ್ನು ಓಣಿಯ ಮಕ್ಕಳು
ಅಂಗಡಿಯಾಟದಲ್ಲಿ ರೊಕ್ಕ ಮಾಡಿಕೊಳ್ಳುತ್ತಿದ್ದರು.
(ಇದು ಅಡಿಟಿಪ್ಪಣಿ ಹದಿನೇಳು.)

'ಗಾಳಿಗೆ ಬಣ್ಣ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ,
ಇದು ಅತ್ಯಂತಾಭಾವ' ಎಂದ ಕಡೆ
ಅಂಚಿನಲ್ಲಿ ಪೆನ್ಸಿಲಿನ ದಪ್ಪ ಅಕ್ಷರ, ಬೇರೆ ಕೈ:
'ಬಣ್ಣದ ಖಾನೆಗೆ ಬಂದು ಉಸಿರ ಎಳಕೊ ಯವ್ವಾ, ಆಮ್ಯಾಲೆ ಬರಿ.'
ಅವಳು ಅದನ್ನು ಅಳಿಸಿಲ್ಲ.

ಪರೀಕ್ಷಕರ ಷರಾ ಡಬ್ಬಿಯ ತಳದಲ್ಲಿತ್ತು:
ಉದಾಹರಣೆಗಳು ಶಾಸ್ತ್ರಸಮ್ಮತವಲ್ಲ.
ಮರಾಠಿ ಅಥವಾ ಇಂಗ್ಲಿಷಿನಲ್ಲಿ ಬರೆದು ಮರಳಿ ಸಲ್ಲಿಸತಕ್ಕದ್ದು.
ಮರಳಿ ಸಲ್ಲಿಸಿದ್ದು ಇಲ್ಲ. ಮೌಖಿಕದ ತಾರೀಖು ಇಲ್ಲ.
ರಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ
ಹೊಡೆದು ಹಾಕಿದ ಗೆರೆಯೂ ಇಲ್ಲ.
ಇಷ್ಟೊಂದು ಇಲ್ಲಗಳನ್ನು ಯಾವ ಖಾನೆಯಲ್ಲಿ ತುಂಬಲಿ?

ಆಮೇಲೆ ಪುಟ ನೂರಾ ಹನ್ನೊಂದು. ಮಗುಚಿದರೆ ನೂರಾ ಹದಿಮೂರು.
ಹರಿದ ಗುರುತಿಲ್ಲ, ಹೊಲಿಗೆಯಲ್ಲಿ ಸಿಕ್ಕ ಚೂರಿಲ್ಲ.
ಅಲ್ಲಿ ಕೊನೆಯ ಸಾಲು: 'ಇಲ್ಲ ಎಂಬುದನ್ನು ನಾವು ಅರಿಯುವು-'
ಇಲ್ಲಿ ಮೊದಲ ಸಾಲು: '-ದಕ್ಕಿಂತ ಮೊದಲೇ ಮಗ್ಗಕ್ಕೆ ಗೊತ್ತಿತ್ತು.'
ಮಾತು ಕಡಿದಿಲ್ಲ. ಹಾಳೆ ಮಾತ್ರ ಇಲ್ಲ.
ಹಿಂದಕ್ಕೆ ಹೋಗಿ ಪರಿವಿಡಿ ನೋಡಿದೆ:
'ನಿದರ್ಶನ, ಪುಟ ೧೧೨.'

ಎಣಿಕೆಯ ತಪ್ಪೋ, ಬೈಂಡಿಂಗಿನವ ಕಳೆದನೋ,
ಬರೆಯುವ ಮೊದಲಿನ ಇಲ್ಲವೋ, ಹಾಳಾದ ಮೇಲಿನ ಇಲ್ಲವೋ,
ಬೇಕಂತಲೇ ಕೊರೆದ ತೂತೋ.
ಇಂದುಮತಿಯನ್ನು ಕೇಳಬೇಕು. ಬದುಕಿದ್ದರೆ
ಈಗ ಎಪ್ಪತ್ತು ದಾಟಿರಬೇಕು.
ಫೋನಿನಲ್ಲಿ ಹುಡುಕಿದರೆ ಕೊನಾಪುರೆಯವರ
ಒಂದು ಟಾವೆಲ್ ಅಂಗಡಿ ಬರುತ್ತದೆ. 'ಕಾಯಂ ಬಂದ್' ಎಂದಿದೆ.

'ಬಿಡು, ನೂರಾ ಹದಿಮೂರನ್ನೇ ಹನ್ನೆರಡು ಮಾಡು,
ಯಾರು ನೋಡ್ತಾರೆ' ಅಂದರು ಸರ್.

ಐದೂವರೆಗೆ ಎಲ್ಲರೂ ಹೋದರು.
ಮುಚ್ಚಳ ತೆರೆದಿಟ್ಟು, ಗಾಜಿನ ಮೇಲೆ ಏನನ್ನೂ ಇಡದೆ
ಗುಂಡಿ ಒತ್ತಿದೆ.
ಪರದೆಯ ತುಂಬ ಕತ್ತಲು, ಒಂದು ಮೂಲೆಗೆ
ಸೂರಿನ ಟ್ಯೂಬ್‌ಲೈಟಿನ ಬಿಳಿ ಎಳೆ.
ಹೆಸರು ಕೊಟ್ಟೆ: ೧೧೨.

ಬಿಲ್ಲಿನಲ್ಲಿ ಅದನ್ನೂ ಸೇರಿಸಿದ್ದೇನೆ.
ನಲವತ್ತು ಪೈಸೆ.