ಗಂಗಾಳ ತೊಳದ ನೀರು

ಸೋಲಾಪುರದ ಸಾಖರ ಪೇಠದಾಗ ನಮ್ಮ ಮನಿ.
ಬೆಳಗಿನ ನಾಕಕ್ಕ ಒಲಿ ಹಚ್ಚಿ
ದಿನಾ ಇನ್ನೂರ ಕಡಕ್ ರೊಟ್ಟಿ ಬಡೀತೀನಿ.
ರೊಟ್ಟಿ ಹಾಳಿಯಷ್ಟು ತೆಳ್ಳಗ. ನಾ ಮಾತ್ರ
ನೂರಾ ಹದಿನೆಂಟು ಕಿಲೋ.
ಹಿಟ್ಟಿನ ಗಿರಣಿ ಕಾಟಾದ ಮ್ಯಾಲೆ ನಿಂತು ನೋಡಿದ್ದು,
ಗಿರಣಿ ರೇವಣಸಿದ್ದ ಮಾರಿ ಆ ಕಡೆ ಮಾಡಿದ್ದ.

ಆಪರೇಷನ್ನಿಗೆ ಹದಿನೈದು ದಿನ ಮೊದಲ
ಹೋಟಗಿ ರೋಡಿನ ಡಾಕ್ಟರ ಬಾಯಿ
ಮರಾಠಿಯೊಳಗ ಒಂದು ಕಾಗದ ಕೊಟ್ಟರು.
ಮಗಳು ಸುಪ್ರಭಾ ಓದಿ ಹೇಳಿದಳು:
ಪುಡಿ ಕಲಸಿದ ನೀರು, ಮಜ್ಜಿಗಿ, ಬ್ಯಾಳಿಕಟ್ಟು.
ಹಲ್ಲಿಗೆ ಕೆಲಸ ಇಲ್ಲ.
ಲಿವರ್ ಸಣ್ಣದಾಗಬೇಕಂತ.
ಹೊಟ್ಟಿ ಮ್ಯಾಲೆ ಹೊಚ್ಚಿಕೊಂಡು ಮಲಗೇದಂತ ಅದು
ನಮ್ಮೂರ ಚಾದರದಂಗ,
ಮಡಚಿ ಬಾಜೂಕ ಸರಿಸಿದ್ರ ಮಾತ್ರ
ಕತ್ತರಿಗೆ ಹಾದಿ.

ಹಿಂಗ ನಾ ಉಪವಾಸ ಕೂತು
ಪೇಠಕ್ಕೆಲ್ಲ ರೊಟ್ಟಿ ಬಡದೆ.
ಹಂಚಿನ ಮ್ಯಾಲೆ ಉಬ್ಬಿದಾಗಿನ ವಾಸನಿ
ಉಸಿರಿನ ಜೋಡಿ ಒಳಗ ಬರತಿತ್ತು,
ಅದಕ್ಕ ನಿಯಮ ಇರಲಿಲ್ಲ.
ಒಂಬತ್ತನೇ ದಿನ ರಾತ್ರಿ
ಒಳ್ಳಿನಾಗ ಅಂಟಿ ಉಳಿದ ಶೇಂಗಾಹಿಂಡಿ
ಬೆರಳೀಲೆ ಬಳದು ನೆಕ್ಕಿದೆ.
ಯಾರೂ ನೋಡಲಿಲ್ಲ.
ಮರುದಿನ ಫೋನ್ ಹಚ್ಚಿ ನಾನ ಹೇಳಿದೆ.
ಬಾಯಿ ಸಿಟ್ಟಾಗಲಿಲ್ಲ. ಎಷ್ಟು ಬೆರಳು, ಅಂದರು.
ಎರಡು, ಅಂದೆ.
ಸುಳ್ಳು. ಮೂರು.

ಆಪರೇಷನ್ ಆತು. ಹೊಟ್ಟಿ
ಒಂದು ಬಾಳಿಕಾಯಷ್ಟ ಉಳೀತು.
ಔಷಧ ಬಾಟಲಿ ಮುಚ್ಚಳನ ನನ್ನ ವಾಟಿ,
ಮುಚ್ಚಳ ನೀರು ಕುಡ್ಯಾಕ ಕಾಲು ತಾಸು.
ಸಾವಕಾಶ, ಅಂದರು ಬಾಯಿ.
ಅವರ ಮರಾಠಿಗೂ ನನ್ನ ಕನ್ನಡಕ್ಕೂ ನಡುವ
ಆ ಒಂದು ಶಬ್ದಕ್ಕ ಗಡಿ ಇಲ್ಲ.
ತುತ್ತಿಗೆ ಮೂವತ್ತು ಸಲ ಅಗೀಬೇಕು.
ರೊಟ್ಟಿ ಎಣಿಸಿದಂಗ ಎಣಸ್ತೀನಿ,
ಹದಿನೇಳಕ್ಕ ಲೆಕ್ಕ ತಪ್ಪತದ,
ಮತ್ತ ಒಂದರಿಂದ.

ಸುಲಭದ ಹಾದಿ ಹಿಡದಿ, ಅಂತಾಳ ನಾದಿನಿ.
ಉತ್ತರ ಕೊಡಾಕ ಆಗೂದಿಲ್ಲ,
ಬಾಯಾಗ ತುತ್ತು ಇರತದ,
ಇಪ್ಪತ್ತೆರಡನೇ ಸಲ.

ಎಲ್ಲಾ ನಡೀತು. ಒಂದ ನಿಯಮ
ಗಂಟಲಾಗ ನಿಂತಿತು.
ನಮ್ಮ ಆಯಿ, ಅಪ್ಪನ ಅವ್ವ, ನೀಲಗಂಗವ್ವ ಕಲಿಸಿದ್ದು:
ಗಂಗಾಳದಾಗ ಅಗಳ ಬಿಡಬಾರದು, ಅದು ಪ್ರಸಾದ.
ಉಂಡ ಗಂಗಾಳಕ್ಕ ನೀರು ಹಾಕಿ ತೊಳದು
ಆ ನೀರು ಕುಡದ ಏಳಬೇಕು.
ನಾಕು ವರ್ಷದಾಕಿ ಇದ್ದಾಗಿಂದ ಕುಡದೀನಿ,
ಹುಳಿ, ಖಾರ, ಎಣ್ಣಿ ತೇಲೂ ನೀರು.
ಕಾಗದ ಅಂತದ:
ಊಟದ ಜೋಡಿ ನೀರಿಲ್ಲ,
ಹಿಂದ ಅರ್ಧ ತಾಸು, ಮುಂದ ಅರ್ಧ ತಾಸು.
ಸಾಕನಿಸಿದ ಕೂಡಲೆ ಬಿಡ್ರಿ, ಎಷ್ಟ ಉಳದಿದ್ರೂ.
ಬಿಡ್ರಿ! ಎಷ್ಟು ಹಗುರಕ ಬರದಾರ.

ಒಂದ ಸಲ ಬಿಡಲಾರದ ನುಂಗಿದೆ,
ಎರಡ ಚಮಚ ಬ್ಯಾಳಿ, ಅಷ್ಟ.
ಎದಿಯೊಳಗ ರುಬ್ಬುಗುಂಡು ಇಟ್ಟಂಗಾಗಿ
ಮೋರಿ ಮುಂದ ಬಗ್ಗಿ ಕೂತು
ಆಯಿಗೂ ಬಾಯಿಗೂ ಇಬ್ಬರಿಗೂ ಬೈದೆ.

ಈಗ ಚಹಾದ ಬಶಿಯೊಳಗ ಉಣ್ಣತೀನಿ.
ಮೊದಲ ಹೆಸರಬ್ಯಾಳಿ, ಆಮ್ಯಾಲೆ ಪಲ್ಲೆ,
ಜಾಗಾ ಉಳದ್ರ ರೊಟ್ಟಿ.
ಜಾಗಾ ಉಳಿಯೂದಿಲ್ಲ.
ಬಿಡೂದು ಬ್ಯಾಡ ಅಂತ ಮೊದಲ ಕಡಿಮಿ ಹಾಕ್ಕೊತೀನಿ,
ಹಿಂಗ ಹಾಕ್ಕೊಳ್ಳೂದು ಕಲ್ಯಾಕ
ನಲವತ್ತಾರು ವರ್ಷ ಹಿಡೀತು.
ಉಂಡ ಬಶಿಗೆ ನೀರು ಹಾಕಿ
ಒಲಿ ಬಾಜೂಕ ಕಟ್ಟಿ ಮ್ಯಾಲೆ ಇಡತೀನಿ.
ಗಡಿಯಾರ ನೋಡತೀನಿ.
ಅರ್ಧ ತಾಸಿನಾಗ ಇಪ್ಪತ್ತು ರೊಟ್ಟಿ ಆಗತಾವ,
ಸಡಿಲಾದ ಬಳಿ ಹಿಟ್ಟಿನಾಗ ಜಾರತಾವ,
ಮೊಣಕೈತನಕ ಏರಿಸಿ ಮತ್ತ ಬಡೀತೀನಿ.

ಆಮ್ಯಾಲೆ ಕೈ ತೊಳಕೊಂಡು ಬಂದು
ಬಶಿ ಎತ್ತಿ ಕುಡೀತೀನಿ,
ಅರಿಶಿಣ ಬಣ್ಣದ ತಣ್ಣನ ನೀರು,
ಗುಟುಕು, ನಿಲ್ಲು, ಗುಟುಕು.
ಒಮ್ಮೊಮ್ಮೆ ತಳದಾಗ
ಒಂದ ಕಾಳು ಅಂಟಿಕೊಂಡಿರತದ.
ಅದಕ್ಕ ಏನ ಮಾಡಬೇಕಂತ
ಕಾಗದದಾಗ ಬರದಿಲ್ಲ.