ಮುರದಿದ್ವು ಎಷ್ಟು

ಯಾದಗಿರಿಯಾಗ ಕವಿಗೋಷ್ಠಿ ಅದ ಅಂತ
ಫೋನ್ ಮಾಡಿದ್ರು ನಿಮ್ಮ ಕಾರ್ಯದರ್ಶಿಯವರು.
"ಮಾಜಿ ಸೈನಿಕರಿದ್ದೀರಿ, ವೀರರಸದ್ದು ಏನಾದ್ರೂ ಬರೀರಿ,
ನಾಕು ನಿಮಿಷದ್ದು ಸಾಕು."
ಮೂರು ರಾತ್ರಿ ಕುಂತೆ.
ಹಾಳಿ ಮ್ಯಾಲೆ ರೊಟ್ಟಿ ಬಿಟ್ಟು
ಬ್ಯಾರೆ ಏನೂ ಬರಲಿಲ್ಲ.

ನಾನು ಭಾಲ್ಕಿಯವ, ಅವ ಸೈದಾಪುರದವ.
ನೂರಾ ಹತ್ತು ಮಂದಿಯೊಳಗ
ಕನ್ನಡ ಇದ್ದದ್ದು ನಮ್ಮಿಬ್ಬರ ಬಾಯಾಗ.
ಹೆಸರು ಸಾಯಬಣ್ಣ.
ಭರ್ತಿ ಕ್ಲರ್ಕ ಪೆನ್ನು ಎತ್ತಿ ಹಿಡದು ಕೇಳಿದ್ನಂತ,
"ಸಾಹೇಬನೋ, ಅಣ್ಣನೋ? ಧರ್ಮ ಯಾವುದು ಬರೀಲಿ?"
"ದರ್ಗಾದಾಗ ಬೇಡಿ ಪಡದು
ಗುಡಿಯಾಗ ಹೆಸರಿಟ್ಟಾರ್ರಿ,
ಜಾಗಾ ಇದ್ದಷ್ಟು ಬರಕೋರಿ" ಅಂದಿದ್ನಂತ ಇವ.

ವೈರ್‌ಲೆಸ್ಸಿನ್ಯಾಗ ನಮ್ಮ ಮಾತೇ ಗುಪ್ತ ಲಿಪಿ.
ಶೆಲ್ ಬಿದ್ರ, ಆಲಿಕಲ್ಲು.
ಮದ್ದು ಮುಗದ್ರ, ಡಬ್ಬಿ ಖಾಲಿ.
ಮತ್ತ ತಾಸಿಗೊಮ್ಮೆ, "ಉಂಡಿ ಏನಲೇ?"
ಊರಾಗ ಹಾದಿಗೊಬ್ಬರು ಕೇಳೋ ಮಾತು.
ಅಲ್ಲಿ ಅದರ ಅರ್ಥ, ಜೀವ ಅದ ಏನು.
"ಉಂಡೀನಿ" ಅಂದ್ರ, ಅದ.

ಕಡೀ ರಾತ್ರಿ ಮೂರು ಸಲ ಕೇಳಿದೆ.
ಮಷೀನು ಸಿಂಯ್ ಅಂತಿತ್ತು.
ಬೆಳಗಾದ ಮ್ಯಾಲೆ ಕೆಳಗ ತಂದ್ರು.
ಬೂಟಿನ ಲೇಸು ನಾನೇ ಬಿಚ್ಚಿದೆ,
ಬಿಚ್ಚಲಿಲ್ಲ, ಹೆಪ್ಪುಗಟ್ಟಿತ್ತು, ಕೊಯ್ದೆ.
(ಈ ಸಾಲಿಗೆ ಕಾಟು ಹೊಡದಿದ್ದೆ. ಓದಿಬಿಟ್ಟೆ.)

ಒಂಬತ್ತು ದಿನಕ್ಕ ಹೇಸರಗತ್ತಿ ಮ್ಯಾಲೆ ಟಪಾಲು ಬಂತು.
ಬಿಳಿ ಅರಿವಿಯಾಗ ಹೊಲದ ಪಾರ್ಸಲ್ಲು,
ಯಾರದೋ ಸಾಲಿ ಹುಡುಗನ ಅಕ್ಷರದಾಗ
ಅವನ ನಂಬರು, ಅವನ ಹೆಸರು.
ಒಳಗ ಕಡಕ್ ರೊಟ್ಟಿ ಎರಡು ಡಜನ್, ಶೇಂಗಾ ಹಿಂಡಿ.
ಬಂಕರ್ ತುಂಬ ಬಳ್ಳೊಳ್ಳಿ ವಾಸನಿ.
ಗಢವಾಲದ ಸುಬೇದಾರ ಟೊಪ್ಪಿಗಿ ತೆಗದ.
ರೂಲು ಪ್ರಕಾರ ವಾಪಸ್ ಕಳಸಬೇಕು.
ಯಾರ ಕೈ ಮೊದಲು ಹೋತು ನೆನಪಿಲ್ಲ.
ನನ್ನದೇ ಇರಬೇಕು.

ಹದಿಮೂರು ಮಂದಿ ತಿಂದೀವಿ. ಮಾತಿಲ್ಲ.
ಕಟಂ ಕಟಂ.
ಆ ಗುಡ್ಡದ ಮ್ಯಾಲೆ ತೋಪು ಬಿಟ್ರ
ಅಷ್ಟು ದೊಡ್ಡ ಸಪ್ಪಳ ನಾ ಕೇಳಿರಲಿಲ್ಲ.
ಮಣಿಪುರದ ಹುಡುಗ, ಇನ್ನೂ ಮೀಸಿ ಮೂಡದಾವ,
ಚೂರು ಆರಿಸಿ ಆರಿಸಿ ಕಿಸೇದಾಗ ಇಟಗೊಂಡ.
ಮರುದಿನ ಮ್ಯಾಲೆ ಹೋಗೂ ಪಾಳಿ ಅವನದಿತ್ತು.

ರಜಾ ಸಿಕ್ಕಾಗ ಸೈದಾಪುರಕ್ಕ ಇಳದೆ.
ಸ್ಟೇಷನ್ ಹಿಂದ, ಖಾನಾವಳಿಗೆ ರೊಟ್ಟಿ ಬಡಿಯೋ ದ್ಯಾವಮ್ಮ.
ಸಾಹೇಬರ ಕಾಗದ, ಮಂತ್ರಿಗಳ ಹಾರ
ಬಂದು ಹೋಗಿದ್ವು.
ರೈಲಿನ್ಯಾಗ ಬಾಯಿಪಾಠ ಮಾಡಿದ್ದು, ದೇಶ, ತ್ಯಾಗ, ಅಭಿಮಾನ,
ಒಲಿ ಹೊಗಿಗೆ ಕೆಮ್ಮಿದಾಗ ಉದುರಿ ಹೋತು.
ಅಕಿ ಕೈ ನಿಲ್ಲಲಿಲ್ಲ. ಟಪ್ ಟಪ್ ಟಪ್.
"ಪಾರ್ಸಲ್ ಮುಟ್ಟಿತ್ತೇನಪಾ?"
"ಮುಟ್ಟಿತ್ತವ್ವ."
"ಮುರದಿದ್ವು ಎಷ್ಟು?"

ಇಪ್ಪತ್ತು ವರ್ಷ ರೊಟ್ಟಿ ಮಾರಿದಾಕಿ.
ಮುರದದ್ದಕ್ಕ ಗಿರಾಕಿ ರೊಕ್ಕ ಕೊಡೂದಿಲ್ಲ.
"ಒಂದೂ ಮುರದಿರಲಿಲ್ಲ" ಅಂದೆ.
ಸುಳ್ಳು. ಇಡೀ ಇದ್ದದ್ದು ನಾಕು.
"ಅಂವ ತಿಂದನೇನು?"

ಹೊರಗ ಗೂಡ್ಸ್ ಗಾಡಿ ಹಾಯಲಿಕತ್ತಿತ್ತು, ಬಾಳ ಉದ್ದಂದು.
ಡಬ್ಬಿ ಎಣಿಸಿದೆ. ಐವತ್ತೆಂಟು.
ಗಾಡಿ ಮುಗೀತು.
ಅಕಿ ನನ್ನ ಮಾರಿ ನೋಡೂದು ಮುಗದಿರಲಿಲ್ಲ.
"ಹದಿಮೂರು ಮಂದಿ ತಿಂದೀವವ್ವ."

ಹಂಚಿನ ಮ್ಯಾಲಿಂದು ಸುಟ್ಟ ವಾಸನಿ.
ಅದನ್ನ ತೆಗದು ಬದಿಗಿಟ್ಟು, ಹಿಟ್ಟಿಗೆ ಕೈ ಹಾಕಿ
ಭಾಳ ಹೊತ್ತಿನ ಮ್ಯಾಲೆ ಅಂದ್ಲು,
"ಹದಿಮೂರು ಮಂದಿಗೆ ಎರಡು ಡಜನ್ ಎಲ್ಲಿ ಸಾಲತಾವ?
ಮೊದಲ ಹೇಳಿದ್ರ ಹೆಚ್ಚಿಗಿ ಬಡದು ಕಳಸ್ತಿದ್ದೆ."

ಅಧ್ಯಕ್ಷರೇ, ನಾಕು ನಿಮಿಷ ಆಗಿರಬೇಕು.
ವೀರರಸ ಇದರಾಗ ಎಲ್ಲೆರೆ ಸಿಕ್ರ ನೀವೇ ತಗೋರಿ.
ನಾ ಕುಂದರತೀನಿ.
ಈ ಮೈಕು ಸಿಂಯ್ ಅನ್ನೂದು
ಯಾರಾದ್ರೂ ಎದ್ದು ಬಂದು
ಬಂದ್ ಮಾಡ್ರಿ.