ಐದನೆಯ ಗುಂಡಿ

ಹೊಂಬಾಳೇಗೌಡರು ಬೆಳಿಗ್ಗೆ ಕರೀಕೋಟು ತೊಟ್ಟರೆ
ಮನೆಯಲ್ಲಿ ಯಾರೂ ಅವರನ್ನು ಅಪ್ಪ ಅನ್ನುತ್ತಿರಲಿಲ್ಲ.
ಗುಂಡಿಗಳು ಐದು. ಐದನೆಯದು ಹಾಕುವ ಹೊತ್ತಿಗೆ
ಅಡುಗೆಮನೆಯ ಮಾತೂ ಮುಚ್ಚಿಕೊಳ್ಳುತ್ತಿತ್ತು.

ಜಿಲ್ಲಾ ಬೋರ್ಡು, ಸಹಕಾರ ಸಂಘ, ಬೆಂಚು ಕೋರ್ಟು,
ದಸರೆಗೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ.
ಫ್ರೆಂಚ್ ರಾಕ್ಸ್ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ
ಜರಿಪೇಟದ ಪೆಟ್ಟಿಗೆಗೇ ಒಬ್ಬ ಆಳು,
ಅಜ್ಜಿ ಕಟ್ಟಿದ ಬುತ್ತಿ ಮಾತ್ರ ಅವರ ಕೈಯಲ್ಲೇ.
ಅಲ್ಲಿ ಎದ್ದು ಕೇಳಿದ್ದು ಎರಡೇ ಪ್ರಶ್ನೆ:
ಹೆಣ್ಣುಮಕ್ಕಳ ಶಾಲೆಗೆ ಹೆಂಚು ಯಾವಾಗ,
ನಾಲೆಯ ಕೊನೆಯ ಗದ್ದೆಗೆ ನೀರು ಯಾವಾಗ.
ಹೆಂಚು ಬಂತು.
ನೀರು ‘ಪರಿಶೀಲನೆಯಲ್ಲಿದೆ’ ಎಂದು ಅಚ್ಚಾಯಿತು.

ಅವರ ಡೈರಿ ಈಗ ನನ್ನ ಹತ್ತಿರ ಇದೆ. ನೀಲಿ ಶಾಯಿ, ಒತ್ತಕ್ಷರ.
“ಮಳೆ ಮುಕ್ಕಾಲು ಇಂಚು. ಸೇತುವೆ ಟೆಂಡರು ಪಾಸು.
ಹೆಣ್ಣು ಮಗು. ಎತ್ತಿಗೆ ಲಾಳ.”
ಆ ಹೆಣ್ಣು ಮಗು ನನ್ನ ತಾಯಿ.
ಲಾಳಕ್ಕೆ ಎಷ್ಟು ಕೊಟ್ಟರೆಂದೂ ಬರೆದಿದ್ದಾರೆ.

ಆಮೇಲೊಂದು ಮಾರ್ಚಿಯಲ್ಲಿ, ರಾತ್ರೋರಾತ್ರಿ ತೂಬು ಮುರಿದವನನ್ನು
ನೀರುಗಂಟಿ ಹಿಡಿದು ತಂದ.
ಬೆಂಚಿನ ಮುಂದೆ ನಿಂತವನು ತಮ್ಮ, ಪುಟ್ಟನಿಂಗ.
ಮೊಣಕಾಲತನಕ ಕೆಸರು. ಕೊನೆಯ ಗದ್ದೆ ಅವನದೇ.
ಪಕ್ಕದ ಕುರ್ಚಿಯ ಶಾನುಭೋಗರು
“ಇವತ್ತು ತಾವು ಏಳಬಹುದು” ಎಂದು ಪಿಸುಗುಟ್ಟಿದರಂತೆ.
ತಾತ ಏಳಲಿಲ್ಲ.
“ಹೆಸರು?”
ಒಂದೇ ತೊಟ್ಟಿಲಲ್ಲಿ ತೂಗಿಸಿಕೊಂಡವನು ಹೆಸರು ಹೇಳಿದ.
“ತಂದೆಯ ಹೆಸರು?”
ಕೋರ್ಟು ಕಿಸಕ್ಕೆಂದಿತು. ತಮ್ಮ ನಗಲಿಲ್ಲ.
“ನೀವೇ ಬರ್ಕಳಿ ಸ್ವಾಮಿ, ನಿಮ್ಗೂ ಗೊತ್ತಲ್ಲ” ಅಂದ.

ದಂಡ ಎಂಟು ರೂಪಾಯಿ.
ಊರೆಲ್ಲ ಧರ್ಮರಾಯ ಅಂದರೆ ಇವನಪ್ಪಾ ಅಂತು.
ಆ ಸಂಜೆ ನನ್ನಜ್ಜಿ ನಿಂಗಾಜಮ್ಮ
ಹಿತ್ತಿಲ ದಾರಿಯಲ್ಲಿ ಹೋಗಿ
ಕಾಲಿನ ಕಡಗ ಅಡವಿಟ್ಟು ದಂಡ ಕಟ್ಟಿಸಿ ಬಂದಳು.
ಮರುದಿನದಿಂದ ಅವಳ ನಡಿಗೆಗೆ ಸದ್ದಿಲ್ಲ.
ಹೊಂಬಾಳೇಗೌಡರು ಯಾಕೆ ಅಂತ ಕೇಳಲಿಲ್ಲ.
“ಕೇಳ್ನಿಲ್ಲ ಅಂದ್ಮೇಲೆ ಗೊತ್ತಿತ್ತು ಅಂತ್ಲೇ ತಿಳ್ಕೊ” ಅನ್ನುತ್ತಿದ್ದಳು ಅಜ್ಜಿ,
ಅವರೆಕಾಳು ಹಿಸುಕುತ್ತ.

ಪುಟ್ಟನಿಂಗಜ್ಜ ಮತ್ತೆ ಆ ಮನೆಯ ಎಲೆಗೆ ಕೂರಲಿಲ್ಲ.
ಅಣ್ಣನ ಹೆಣಕ್ಕೆ ಹೆಗಲು ಕೊಟ್ಟ,
ತಿಥಿಯ ಊಟಕ್ಕೆ ಕೂರಲಿಲ್ಲ.

ಡೈರಿಯಲ್ಲಿ ಆ ದಿನ ಹುಡುಕಿದೆ.
“ಬೆಂಚು. ಐದು ಕೇಸು. ದಂಡ ಒಟ್ಟು ಹದಿನೇಳು ರೂಪಾಯಿ.
ಕೋಟಿನ ಮೇಲಿನ ಗುಂಡಿ ಕಿತ್ತಿದೆ. ಹೊಲಿಸಬೇಕು.”
ಮುಂದಿನ ಪುಟಗಳನ್ನೆಲ್ಲ ತಿರುವಿದೆ,
ಹೊಲಿಸಿದ್ದು ಎಲ್ಲೂ ಇಲ್ಲ.

ಹೆಣ್ಣುಮಕ್ಕಳ ಶಾಲೆಯ ಗೋಡೆಯಲ್ಲಿ ಅವರ ಫೋಟೋ ಇದೆಯೆಂದು
ಹೋದ ವಾರ ನೋಡಿ ಬಂದೆ.
ಕೈ ಎದೆಯ ಮೇಲಿಟ್ಟು ಕೂತಿದ್ದಾರೆ,
ಗುಂಡಿ ಕಾಣುವುದಿಲ್ಲ.